ನಮ್ಮೂರ ಬಿಸಿಲಿಗೆ ಒಗ್ಗುವ ಮಂಡಿ ಪ್ಯಾಡ್

ಬೆಂಗಳೂರಿನಲ್ಲಿ ಯಾರಾದರೂ "ಯಾವೂರು?" ಅಂತ ಕೇಳಿದಾಗ "ಮೊಳಕಾಲ್ಮೂರು" ಅಂದರೆ ಸಾಕು, ಮರುಕ್ಷಣವೇ ಒಂದು ತಮಾಷೆ ಬರುತ್ತದೆ. "ಯಾರ ಮೊಳಕಾಲು ಮುರೀತು?" ಕೆಲಸಕ್ಕೆ ಸೇರಿದಾಗಿನಿಂದ ಕೇಳುತ್ತಾ ಬಂದಿದ್ದೇನೆ, ನಾನೂ ನಗುತ್ತಿದ್ದೆ. ಕಳೆದ ವರ್ಷ ನಮ್ಮ ಚಿಕ್ಕಪ್ಪನ ಮಂಡಿಚಿಪ್ಪು ನಿಜಕ್ಕೂ ಒಡೆದ ಮೇಲೆ ಆ ತಮಾಷೆಗೆ ನಗು ಬರುವುದು ನಿಂತಿದೆ.

ಚಿಕ್ಕಪ್ಪ ರೇಷ್ಮೆ ಸೀರೆ ನೇಯುವವರು. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಿಕೆ ಮಾನ್ಯತೆ ಇದೆ, ದೊಡ್ಡ ಅಂಗಡಿಗಳಲ್ಲಿ ಅದರ ಹೆಸರು ಹೇಳಿ ಮಾರುತ್ತಾರೆ. ಆದರೆ ಅದನ್ನು ನೇಯುವ ಗುಂಡಿ ಮಗ್ಗ ಹೇಗಿರುತ್ತದೆ ಅಂತ ನೋಡಿದವರು ಕಮ್ಮಿ. ನೇಕಾರ ನೆಲದ ಮಟ್ಟದಲ್ಲಿ ಕೂರುತ್ತಾನೆ, ಕಾಲು ಗುಂಡಿಯೊಳಗೆ ಇಳಿಬಿಟ್ಟಿರುತ್ತಾನೆ. ಕೈ ಲಾಳಿ ಓಡಿಸಿದರೆ ಕಾಲು ಕಾಲುಮಣೆ ತುಳಿಯುತ್ತಿರಬೇಕು. ಇಡೀ ದಿನ ಹೀಗೇ. ಅಂದರೆ ನೇಕಾರನಿಗೆ ಕೈ ಎಷ್ಟು ಮುಖ್ಯವೋ ಮಂಡಿಯೂ ಅಷ್ಟೇ ಮುಖ್ಯ. ಮಡಚಲಾಗದ ಕಾಲಿಟ್ಟುಕೊಂಡು ಗುಂಡಿಗೆ ಇಳಿಯಲೂ ಆಗುವುದಿಲ್ಲ.

ಅವರು ಬಿದ್ದದ್ದು ಹಾನಗಲ್ ಕಡೆಯಿಂದ ಊರಿಗೆ ಬರುವ ರಸ್ತೆಯಲ್ಲಿ. ಕುರಿ ಹಿಂಡು ಅಡ್ಡ ಬಂತು, ಬ್ರೇಕ್ ಹಾಕಿದರು, ಮರಳು ತುಂಬಿದ ಅಂಚಿನಲ್ಲಿ ಮುಂದಿನ ಚಕ್ರ ಜಾರಿತು. ವೇಗ ನಲವತ್ತನ್ನೂ ದಾಟಿರಲಿಲ್ಲ. ತಲೆಗೆ ಹೆಲ್ಮೆಟ್ ಇತ್ತು, ತಲೆಗೆ ಏನೂ ಆಗಲಿಲ್ಲ. ಮಂಡಿ ನೇರವಾಗಿ ಡಾಂಬರಿಗೆ ಬಡಿಯಿತು. ಆಪರೇಷನ್ ಮಾಡಿ ತಂತಿ ಕಟ್ಟಿದರು. ನಾಲ್ಕು ತಿಂಗಳು ಮಗ್ಗದ ಮೇಲಿನ ಹಾಸು ಹಾಗೇ ನಿಂತಿತ್ತು.

ಈ ನಾಲ್ಕು ತಿಂಗಳಲ್ಲಿ ಮನೆಯವರ ಬಾಯಲ್ಲಿ ಪದೇ ಪದೇ ಬಂದ ಮಾತು "ಸದ್ಯ, ಜೀವ ಉಳೀತಲ್ಲ". ನಿಜ. ಕೇಂದ್ರ ಸರ್ಕಾರದ ವರದಿ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಅವರಲ್ಲಿ ಶೇ 44.5ರಷ್ಟು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಅದೇ ವರ್ಷ ಗಾಯಗೊಂಡವರು 4,43,366. ಬದುಕಿ ಉಳಿದವರ ಈ ಎರಡನೇ ಸಂಖ್ಯೆಯ ಬಗ್ಗೆ ನಾವು ಮಾತಾಡುವುದೇ ಕಮ್ಮಿ. ಜೀವ ಉಳಿದ ಮೇಲೆ ಜೀವನ ನಡೆಸಬೇಕಲ್ಲ? ಅದಕ್ಕೆ ಮಂಡಿ ಬೇಕು, ಮೊಣಕೈ ಬೇಕು, ಮಣಿಕಟ್ಟು ಬೇಕು.

ನನ್ನ ತಮ್ಮನೂ ನೇಕಾರ. ಜೊತೆಗೆ ಸೀರೆ ತಲುಪಿಸಲು, ನೂಲು ತರಲು ರಾಯದುರ್ಗ, ಚಳ್ಳಕೆರೆ, ಬಳ್ಳಾರಿ ಅಂತ ವಾರದಲ್ಲಿ ಮೂರ್ನಾಲ್ಕು ದಿನ ಬೈಕ್ ಮೇಲೇ ಇರುತ್ತಾನೆ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ, ವೀಕೆಂಡ್ ರೈಡ್ ಹೋಗುವ ಸಹೋದ್ಯೋಗಿಗಳ ಜೊತೆ ನಾನೂ ಆಗಾಗ ಹೋಗುತ್ತೇನೆ. ಅವರೆಲ್ಲ ಜಾಕೆಟ್, ಅದರೊಳಗಿನ ಪ್ಯಾಡ್, ಲೆವೆಲ್ ಒಂದು, ಲೆವೆಲ್ ಎರಡು ಅಂತ ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ. ನಂದಿ ಬೆಟ್ಟಕ್ಕೆ ತಿಂಗಳಿಗೊಮ್ಮೆ ಹೋಗುವವರಿಗೆ ಇಷ್ಟೆಲ್ಲ ಆರ್ಮರ್, ಹೊಟ್ಟೆಪಾಡಿಗೆ ದಿನಾ ಹೋಗುವವನಿಗೆ ಒಂದು ಹತ್ತಿ ಅಂಗಿ! ತಮ್ಮನಿಗೆ ಸರಿಯಾದ ಪ್ಯಾಡ್ ಹುಡುಕಬೇಕು ಅಂತ ಅವತ್ತೇ ನಿರ್ಧರಿಸಿದೆ.

ಫೋನಿನಲ್ಲಿ ಹೇಳಿದಾಗ ಅವನ ಉತ್ತರ ಹೀಗಿತ್ತು: "ಅಕ್ಕಾ, ಏಪ್ರಿಲ್ ಬಿಸ್ಲಾಗೆ ಅದನ್ನ ಹಾಕ್ಕೊಂಡ್ರೆ ಬಿದ್ದು ಸಾಯಲ್ಲ, ಬೆಂದು ಸಾಯ್ತೀನಿ."

ಇದನ್ನು ಸೋಮಾರಿಯ ನೆಪ ಅಂತ ತಳ್ಳಿಹಾಕುವಂತಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಬೇಸಿಗೆಯಲ್ಲಿ ಮಧ್ಯಾಹ್ನ ಹೊರಗೆ ಬಂದವರಿಗೆ ಅದು ಗೊತ್ತು. ಮಳೆ ಕಮ್ಮಿ, ನೆರಳು ಕಮ್ಮಿ, ಬಂಡೆ ಜಾಸ್ತಿ. ಹಾಗಾಗಿ ನನ್ನ ಹುಡುಕಾಟಕ್ಕೆ ಮೊದಲ ದಿನವೇ ಎರಡು ಪ್ರಶ್ನೆ ಸಿಕ್ಕವು. ಯಾವ ಪ್ಯಾಡ್ ಏಟು ತಡೆಯುತ್ತದೆ? ಯಾವ ಪ್ಯಾಡನ್ನು ಅವನು ನಿಜವಾಗಿಯೂ ಹಾಕಿಕೊಳ್ಳುತ್ತಾನೆ? ಎರಡಕ್ಕೂ ಒಂದೇ ಉತ್ತರ ಸಿಗುವವರೆಗೆ ದುಡ್ಡು ಬಿಚ್ಚಬಾರದು ಅಂದುಕೊಂಡೆ.

ಮೊದಲು ಏಟಿನ ವಿಷಯ. "ನಾನು ನಿಧಾನಕ್ಕೆ ಓಡಿಸ್ತೀನಿ, ನಂಗ್ಯಾಕೆ ಆರ್ಮರ್?" ಅನ್ನುವವರು ಬಹಳ. ಇದಕ್ಕೆ ಪಿಯುಸಿ ಭೌತಶಾಸ್ತ್ರ ಸಾಕು. ಬೈಕ್ ಮೇಲಿಂದ ಬೀಳುವಾಗ ದೇಹ ಎರಡು ಕೆಲಸ ಮಾಡುತ್ತದೆ. ಒಂದು, ಮುಂದಕ್ಕೆ ಜಾರುತ್ತದೆ. ಇನ್ನೊಂದು, ಕೆಳಕ್ಕೆ ಬೀಳುತ್ತದೆ. ಜಾರುವುದು ವೇಗದ ಮೇಲೆ ನಿಂತಿದೆ. ಬೀಳುವುದು ಎತ್ತರದ ಮೇಲೆ. ಒಂದು ಮೀಟರ್ ಎತ್ತರದಿಂದ ಬಿದ್ದ ಯಾವುದೇ ವಸ್ತು ನೆಲ ಮುಟ್ಟುವಾಗ ಗಂಟೆಗೆ ಸುಮಾರು 16 ಕಿ.ಮೀ. ವೇಗದಲ್ಲಿರುತ್ತದೆ. ನೀವು ಇಪ್ಪತ್ತರಲ್ಲಿ ಹೋಗುತ್ತಿರಿ, ಎಂಬತ್ತರಲ್ಲಿ ಹೋಗುತ್ತಿರಿ, ಮಂಡಿ ಕೆಳಕ್ಕೆ ಬಡಿಯುವ ಏಟು ಹೆಚ್ಚುಕಡಿಮೆ ಅಷ್ಟೇ. ಚಿಕ್ಕಪ್ಪನ ಮಂಡಿ ಒಡೆದದ್ದು ಈ ಕೆಳಗಿನ ಏಟಿಗೆ.

ಆರ್ಮರ್ ತಡೆಯಲು ನೋಡುವುದೂ ಇದನ್ನೇ. ಕ್ರಿಕೆಟ್‌ನಲ್ಲಿ ಕ್ಯಾಚ್ ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತೀವಲ್ಲ, ಅದೇ ತತ್ವ. ಚೆಂಡು ನಿಲ್ಲುವುದಕ್ಕೆ ಸ್ವಲ್ಪ ಜಾಸ್ತಿ ಸಮಯ ಕೊಟ್ಟರೆ ಅಂಗೈಗೆ ಬೀಳುವ ಬಲ ಕಡಿಮೆಯಾಗುತ್ತದೆ. ಪ್ಯಾಡ್ ಕುಗ್ಗುತ್ತಾ ಆ ಸಮಯ ಕೊಡುತ್ತದೆ, ಜೊತೆಗೆ ಏಟನ್ನು ಒಂದೇ ಬಿಂದುವಿನಿಂದ ಅಗಲಕ್ಕೆ ಹರಡುತ್ತದೆ.

ಇದನ್ನು ಅಳೆಯಲು ಯುರೋಪಿನವರು ಒಂದು ಮಾನದಂಡ ಮಾಡಿದ್ದಾರೆ. ಅದರ ಹೆಸರು ಇಎನ್ 1621. ಭುಜ, ಮೊಣಕೈ, ಸೊಂಟದ ಪಕ್ಕ, ಮಂಡಿಯ ಪ್ಯಾಡ್‌ಗಳಿಗೆ 1621-1. ಬೆನ್ನಿಗೆ 1621-2. ಎದೆಗೆ 1621-3. ಪರೀಕ್ಷೆ ಹೇಗೆ ಅಂದರೆ, ಪ್ಯಾಡನ್ನು ಲೋಹದ ಗುಂಡು ತಲೆಯ ಮೇಲಿಟ್ಟು ಮೇಲಿಂದ 5 ಕಿಲೋ ತೂಕ ಬೀಳಿಸುತ್ತಾರೆ. ಏಟಿನ ಶಕ್ತಿ 50 ಜೂಲ್, ಅಂದರೆ ಸುಮಾರು ಒಂದು ಮೀಟರ್ ಎತ್ತರದಿಂದ ಬಿದ್ದ ಹಾಗೆ. ಪ್ಯಾಡ್ ದಾಟಿ ಕೆಳಗೆ ಎಷ್ಟು ಬಲ ಬಂತು ಅಂತ ಅಳೆಯುತ್ತಾರೆ.

ಮಂಡಿ, ಮೊಣಕೈ ಪ್ಯಾಡ್‌ನಲ್ಲಿ ಸರಾಸರಿ 35 ಕಿಲೋನ್ಯೂಟನ್ ಒಳಗಿದ್ದರೆ ಲೆವೆಲ್ 1. 20ರ ಒಳಗಿದ್ದರೆ ಲೆವೆಲ್ 2. ಬೆನ್ನಿಗೆ ನಿಯಮ ಬಿಗಿ: 18ರ ಒಳಗಿದ್ದರೆ ಲೆವೆಲ್ 1, 9ರ ಒಳಗಿದ್ದರೆ ಲೆವೆಲ್ 2. ಒಂದು ಕಿಲೋನ್ಯೂಟನ್ ಅಂದರೆ ಸುಮಾರು ನೂರು ಕಿಲೋ ಭಾರ ಹೊತ್ತಷ್ಟು ಬಲ, ಆದರೆ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು. ಹಾಗಾಗಿ ಲೆವೆಲ್ 1 ಮತ್ತು 2ರ ನಡುವಿನ ವ್ಯತ್ಯಾಸ ಜಾಹೀರಾತಿನ ಮಾತಲ್ಲ. ಅದೇ ಏಟಿಗೆ ಮಂಡಿ ತಲುಪುವ ಬಲ ಸುಮಾರು ಅರ್ಧಕ್ಕೆ ಇಳಿಯಬಹುದು.

ಹಾಗಾದರೆ ಲೆವೆಲ್ 2 ಹಾಕಿದರೆ ಮೂಳೆ ಮುರಿಯುವುದೇ ಇಲ್ಲವಾ? ಆ ಭರವಸೆಯನ್ನು ಮಾನದಂಡವೂ ಕೊಡುವುದಿಲ್ಲ. ಲಾರಿಗೆ ಗುದ್ದಿದರೆ, ಸೇತುವೆಯ ಕಲ್ಲಿಗೆ ಬಡಿದರೆ ಯಾವ ಪ್ಯಾಡೂ ಸಾಲದು. ಆದರೆ ಲಾಭ ಇದೆ ಅನ್ನುವುದಕ್ಕೆ ಆಧಾರ ಇದೆ. ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಪ್ರದೇಶದಲ್ಲಿ ಅಪಘಾತಕ್ಕೆ ಸಿಕ್ಕ 212 ಬೈಕ್ ಸವಾರರ ಬಗ್ಗೆ 2011ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಆರ್ಮರ್ ಇರುವ ಬಟ್ಟೆ ತೊಟ್ಟವರಲ್ಲಿ ದೇಹದ ಮೇಲ್ಭಾಗಕ್ಕೆ ಗಾಯವಾಗುವ ಸಂಭವ ಶೇ 23ರಷ್ಟು, ಕಾಲಿಗೆ ಗಾಯವಾಗುವ ಸಂಭವ ಶೇ 40ರಷ್ಟು ಕಡಿಮೆ ಇತ್ತು. ನಮ್ಮ ಮನೆಯ ಲೆಕ್ಕದಲ್ಲಿ ಕಾಲಿನ ಶೇ 40 ಅಂದರೆ ಸಣ್ಣ ಮಾತಲ್ಲ.

ಇನ್ನು ಲೇಬಲ್ ಓದುವ ಕೆಲಸ. ಹೆಲ್ಮೆಟ್ ವಿಷಯದಲ್ಲಿ ಸರ್ಕಾರ ನಮ್ಮ ಪರವಾಗಿ ಒಂದಿಷ್ಟು ನೋಡಿಕೊಂಡಿದೆ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ತಯಾರಿಸುವ, ಮಾರುವ ಹಾಗಿಲ್ಲ. ಜಾಕೆಟ್‌ನೊಳಗಿನ ಪ್ಯಾಡ್ ಏನು ಅಂತ ಯಾವ ಪೊಲೀಸರೂ ನಿಲ್ಲಿಸಿ ಕೇಳುವುದಿಲ್ಲ. ಕೇಳಬೇಕಾದವರು ನಾವೇ.

ಅಂಗಡಿಯಲ್ಲೋ ಆನ್‌ಲೈನ್‌ನಲ್ಲೋ "ಸಿಇ ಅಪ್ರೂವ್ಡ್" ಅಂತ ಬರೆದಿದ್ದರೆ ಅಲ್ಲಿಗೇ ಓದುವುದು ನಿಲ್ಲಿಸಬೇಡಿ. ಪ್ಯಾಡನ್ನು ಜೇಬಿನಿಂದ ಹೊರಗೆ ತೆಗೆದು ತಿರುಗಿಸಿ ನೋಡಿ. ಅಸಲಿ ಪ್ಯಾಡ್ ಮೇಲೆ ಬೈಕ್ ಸವಾರನ ಚಿಕ್ಕ ಚಿತ್ರ ಅಚ್ಚಾಗಿರುತ್ತದೆ. ಇಎನ್ 1621-1 ಅನ್ನುವ ಸಂಖ್ಯೆ, ಲೆವೆಲ್ 1 ಅಥವಾ 2, ಜೊತೆಗೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಎಸ್ ಅಂದರೆ ಭುಜ, ಇ ಅಂದರೆ ಮೊಣಕೈ, ಎಚ್ ಅಂದರೆ ಸೊಂಟದ ಪಕ್ಕ, ಕೆ ಅಂದರೆ ಮಂಡಿ. ಕೆ ಜೊತೆ ಎಲ್ ಇದ್ದರೆ ಮಂಡಿಯ ಕೆಳಗೆ ಮೊಳಗಾಲಿನ ಮುಂಭಾಗವನ್ನೂ ಮುಚ್ಚುತ್ತದೆ ಅಂತ. ಇನ್ನೊಂದು ಗುರುತು ಟೈಪ್ ಎ, ಟೈಪ್ ಬಿ. ಎ ಚಿಕ್ಕ ಜಾಗ ಮುಚ್ಚುತ್ತದೆ, ಬಿ ದೊಡ್ಡದು. ನೋಡಲು ಸ್ಲಿಮ್ ಆಗಿದೆ ಅಂತ ಟೈಪ್ ಎ ತಗೊಂಡರೆ ಬೀಳುವಾಗ ಮಂಡಿ ಸ್ವಲ್ಪ ವಾಲಿದರೂ ಏಟು ಪ್ಯಾಡಿನ ಅಂಚು ದಾಟಿಬಿಡಬಹುದು. ಜಾಗ ಇದ್ದರೆ ಬಿ ಒಳ್ಳೆಯದು.

ಬೆನ್ನಿನ ವಿಷಯಕ್ಕೆ ಬಂದರೆ ಬಹಳಷ್ಟು ಜಾಕೆಟ್‌ಗಳಲ್ಲಿ ಭುಜ, ಮೊಣಕೈಗೆ ಒಳ್ಳೆ ಪ್ಯಾಡ್ ಇದ್ದು ಬೆನ್ನಿಗೆ ಬರೀ ಸ್ಪಂಜಿನ ಹಾಳೆ ಇರುತ್ತದೆ. ಅದರ ಮೇಲೆ ಯಾವ ಸಂಖ್ಯೆಯೂ ಇರುವುದಿಲ್ಲ. ಅದು ಜೇಬಿನ ಆಕಾರ ಉಳಿಸಲು ಇಟ್ಟದ್ದು, ಬೆನ್ನು ಉಳಿಸಲು ಅಲ್ಲ. ಪ್ಯಾಂಟ್‌ಗಳಲ್ಲೂ ಹಾಗೇ. ಮಂಡಿಗೆ ಪ್ಯಾಡ್ ಇರುತ್ತದೆ, ಸೊಂಟದ ಪಕ್ಕದ ಜೇಬು ಖಾಲಿ ಇರುತ್ತದೆ. ಪಕ್ಕಕ್ಕೆ ಬಿದ್ದಾಗ ಮೊದಲು ನೆಲ ಮುಟ್ಟುವ ಜಾಗಗಳಲ್ಲಿ ಸೊಂಟವೂ ಒಂದು ಅನ್ನುವುದು ಬೈಕ್ ಓಡಿಸುವವರಿಗೆಲ್ಲ ಗೊತ್ತು.

ಈಗ ಬಿಸಿಲಿನ ವಿಷಯ. ನನ್ನ ಹುಡುಕಾಟದಲ್ಲಿ ನಮ್ಮೂರಿಗೆ ಅಂತಲೇ ಹೇಳಿ ಮಾಡಿಸಿದ ಹಾಗಿದ್ದ ಒಂದು ಗುರುತು ಸಿಕ್ಕಿದ್ದು ಇಲ್ಲೇ.

ಈಗಿನ ಮೆತ್ತನೆಯ ಪ್ಯಾಡ್‌ಗಳಲ್ಲಿ ಹೆಚ್ಚಿನವು ವಿಸ್ಕೋಎಲಾಸ್ಟಿಕ್ ವಸ್ತುವಿನವು. ಬ್ರಿಟನ್ನಿನ ಡಿತ್ರೀಒ, ಜರ್ಮನಿಯ ಸಾಸ್-ಟೆಕ್ ಇದರಲ್ಲಿ ಹೆಸರಾದ ಬ್ರಾಂಡ್‌ಗಳು. ಇವುಗಳ ಗುಣ ಏನು ಅಂದರೆ ನಿಧಾನಕ್ಕೆ ಬಗ್ಗಿಸಿದರೆ ಬಗ್ಗುತ್ತವೆ, ದಿಢೀರ್ ಏಟು ಬಿದ್ದರೆ ಗಟ್ಟಿಯಾಗುತ್ತವೆ. ಅಡುಗೆಮನೆಯಲ್ಲಿ ಕಾರ್ನ್‌ಫ್ಲೋರ್‌ಗೆ ಸ್ವಲ್ಪ ನೀರು ಹಾಕಿ ಗಟ್ಟಿಯಾಗಿ ಕಲಸಿ ನೋಡಿ. ಬೆರಳನ್ನು ನಿಧಾನಕ್ಕೆ ಇಳಿಸಿದರೆ ಇಳಿಯುತ್ತದೆ, ಗುದ್ದಿದರೆ ಕಲ್ಲಿನ ಹಾಗೆ ತಡೆಯುತ್ತದೆ. ಹೆಚ್ಚುಕಡಿಮೆ ಅದೇ ಗುಣ.

ಆದರೆ ಇಂಥ ವಸ್ತುಗಳ ನಡವಳಿಕೆ ಉಷ್ಣತೆಯ ಮೇಲೂ ನಿಂತಿದೆ. ಚಳಿಯಲ್ಲಿ ಬಿರುಸಾಗುತ್ತವೆ, ಬಿಸಿಯಲ್ಲಿ ಮೆತ್ತಗಾಗುತ್ತವೆ. ಮಾಮೂಲಿ ಪರೀಕ್ಷೆ ನಡೆಯುವುದು 23 ಡಿಗ್ರಿ ಆಸುಪಾಸಿನಲ್ಲಿ, ಅಂದರೆ ಏಸಿ ಕೋಣೆಯಲ್ಲಿ. ಬಿಸಿಯಲ್ಲೂ ಪಾಸಾಗುತ್ತದಾ ಅಂತ ನೋಡಲು ಒಂದು ಹೆಚ್ಚುವರಿ ಪರೀಕ್ಷೆ ಇದೆ, 40 ಡಿಗ್ರಿಯಲ್ಲಿ. ಚಳಿಗೆ ಇನ್ನೊಂದಿದೆ, ಸೊನ್ನೆಗಿಂತ 10 ಡಿಗ್ರಿ ಕೆಳಗೆ. ಎರಡೂ ಕಡ್ಡಾಯವಲ್ಲ, ಕಂಪನಿಗೆ ಬಿಟ್ಟದ್ದು. ಬಿಸಿಯಲ್ಲಿ ಪಾಸಾದ ಪ್ಯಾಡ್ ಮೇಲೆ "ಟಿ" ಅಕ್ಷರದ ಪಕ್ಕ ಒಂದು ಪ್ಲಸ್ ಚಿಹ್ನೆ ಇರುತ್ತದೆ. ಚಳಿಯಲ್ಲಿ ಪಾಸಾದರೆ ಮೈನಸ್.

ಯುರೋಪಿನವರಿಗೆ 40 ಡಿಗ್ರಿ ಅಂದರೆ ಅಪರೂಪ, ಅದಕ್ಕೇ ಅದು ಹೆಚ್ಚುವರಿ. ಚಳ್ಳಕೆರೆ ಬಸ್ ಸ್ಟ್ಯಾಂಡ್ ಎದುರು ಏಪ್ರಿಲ್ ಮಧ್ಯಾಹ್ನ ಬೈಕ್ ನಿಲ್ಲಿಸಿ ಅದರ ಮೇಲೆ ಜಾಕೆಟ್ ಹಾಕಿ ಕಾಫಿ ಕುಡಿದು ಬಂದವರಿಗೆ ಅದೇ ಮಾಮೂಲಿ. ಹಾಗಾಗಿ ನಮ್ಮ ಕಡೆಯವರು ಪ್ಯಾಡ್ ಕೊಳ್ಳುವಾಗ ಲೆವೆಲ್ ಜೊತೆಗೆ ಈ ಟಿ ಪ್ಲಸ್ ಗುರುತನ್ನೂ ಕೇಳಬೇಕು. ಚಳಿಯ ಗುರುತು ಇಲ್ಲದಿದ್ದರೆ ನಷ್ಟವೇನಿಲ್ಲ, ನಮ್ಮಲ್ಲಿ ಯಾರೂ ಮೈನಸ್ ಹತ್ತರಲ್ಲಿ ಬೈಕ್ ಓಡಿಸುವುದಿಲ್ಲ. ಲಡಾಖ್‌ಗೆ ಹೊರಟವರ ಲೆಕ್ಕ ಬೇರೆ. ಮತ್ತೆ ಜಾಕೆಟನ್ನು ಬಿಸಿಲಲ್ಲಿ ಟ್ಯಾಂಕ್ ಮೇಲೆ ಬಿಡದೆ ಒಳಗೆ ತಗೊಂಡು ಹೋಗುವುದು ದುಡ್ಡು ಖರ್ಚಿಲ್ಲದ ಉಪಾಯ.

ಪ್ಯಾಡ್‌ಗೆ ಬಿಸಿಲಾದರೆ ಹೀಗೆ, ಮನುಷ್ಯನಿಗೆ? 2018ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಮೋಟೋಕ್ಯಾಪ್ ಅನ್ನುವ ಯೋಜನೆ ಶುರುವಾಯಿತು. ಅವರು ಬೈಕ್ ಬಟ್ಟೆಗಳಿಗೆ ರಕ್ಷಣೆಗೆ ಒಂದು, ಸೆಕೆ ತಡೆಯುವುದಕ್ಕೆ ಇನ್ನೊಂದು ಅಂತ ಎರಡು ಬಗೆಯ ನಕ್ಷತ್ರ ಕೊಡುತ್ತಾರೆ. ಸೆಕೆಯನ್ನು ಸುರಕ್ಷತೆಯ ಭಾಗ ಅಂತಲೇ ನೋಡುವ ಈ ರೀತಿ ನನಗೆ ಹಿಡಿಸಿತು. ಬೆಂದುಹೋದ ಸವಾರನಿಗೆ ಗಮನ ಎಲ್ಲಿ ನಿಲ್ಲುತ್ತದೆ? ಮೇಲಾಗಿ ಮೊಳೆಗೆ ನೇತುಹಾಕಿದ ಲೆವೆಲ್ 2 ಪ್ಯಾಡ್ ಯಾರ ಮಂಡಿಯನ್ನೂ ಕಾಪಾಡುವುದಿಲ್ಲ.

ಹಾಗಾಗಿ ಸಹೋದ್ಯೋಗಿಗಳಿಂದ ಮೂರು ಬಗೆಯ ಮಂಡಿ ಪ್ಯಾಡ್ ಎರವಲು ತಗೊಂಡು ಊರಿಗೆ ಹೋದೆ. ತುಮಕೂರು, ಶಿರಾ, ಹಿರಿಯೂರು ದಾಟಿ ಚಳ್ಳಕೆರೆ ರಸ್ತೆ ಹಿಡಿದು, ತಳಕು ಕಳೆದು ಹಾನಗಲ್‌ನಲ್ಲಿ ತಿರುಗುವ ಹೊತ್ತಿಗೆ ನನಗೇ ಅರ್ಧ ಪರೀಕ್ಷೆ ಆಗಿತ್ತು. ತಮ್ಮನಿಗೆ ಹೇಳಿದ್ದು ಇಷ್ಟೇ: "ದಿನಕ್ಕೊಂದು ಹಾಕ್ಕೊಂಡು ರಾಂಪುರಕ್ಕೆ ಹೋಗಿ ಬಾ. ಎಷ್ಟು ಸಲ ಕೈ ಹಾಕಿ ಸರಿಮಾಡ್ಕೊಂಡೆ ಅಂತ ಎಣಿಸು."

ಮೊದಲನೆಯದು ಹೊರಗೆ ಗಟ್ಟಿ ಪ್ಲಾಸ್ಟಿಕ್ ಚಿಪ್ಪು, ಒಳಗೆ ಫೋಮ್, ಹಿಂದೆ ಪಟ್ಟಿ ಇರುವ ಗಾರ್ಡ್. ಪ್ಯಾಂಟ್ ಮೇಲೇ ಕಟ್ಟಬಹುದು. ಗಾಳಿಯಾಡುತ್ತದೆ. ಆದರೆ ಪಟ್ಟಿ ಬಿಗಿ ಮಾಡಿದರೆ ಮಂಡಿಯ ಹಿಂದೆ ಕೊರೆಯುತ್ತದೆ, ಸಡಿಲ ಬಿಟ್ಟರೆ ಪಕ್ಕಕ್ಕೆ ತಿರುಗುತ್ತದೆ. ಒಂಬತ್ತು ಸಲ.

ಎರಡನೆಯದು ಪೂರ್ತಿ ರೈಡಿಂಗ್ ಪ್ಯಾಂಟ್, ಒಳಜೇಬಿನಲ್ಲಿ ಪ್ಯಾಡ್. ಪ್ಯಾಡ್ ಅಲುಗಲಿಲ್ಲ, ಎರಡೇ ಸಲ ಸರಿಮಾಡಿಕೊಂಡ. ಆದರೆ ಬಂದವನೇ ಕೊಡ ನೀರು ಸುರುವಿಕೊಂಡ. "ರಾಯದುರ್ಗದ ಅಂಗಡೀಲಿ ಇದನ್ನ ಹಾಕ್ಕೊಂಡು ಸೀರೆ ಬಿಚ್ಚಿ ತೋರ್ಸಾಕಾಗಲ್ಲ" ಅಂದ. ಅದೂ ನಿಜವೇ.

ಮೂರನೆಯದು ಕಾಲುಚೀಲದ ಹಾಗೆ ಎಳೆದುಕೊಳ್ಳುವ, ಹಿಗ್ಗುವ ಬಟ್ಟೆಯ ತೋಳು. ಮುಂದೆ ತೂತುಗಳಿರುವ ಮೆತ್ತನೆಯ ಪ್ಯಾಡ್, ಲೆವೆಲ್ 2. ಮಾಮೂಲಿ ಪ್ಯಾಂಟ್ ಒಳಗೆ ಹಾಕಬಹುದು. ನಾಲ್ಕು ಸಲ ಸರಿಮಾಡಿಕೊಂಡ. ಒಂದು ಸೈಜ್ ಚಿಕ್ಕದು ಹಾಕಿಸಿ ನೋಡಿದಾಗ ಒಂದೇ ಸಲ. ಊರಿಗೆ ಹೋದ ಮೇಲೆ ಕೆಳಗೆ ಜಾರಿಸಿ ತೆಗೆದು ಚೀಲಕ್ಕೆ ಹಾಕಬಹುದು.

ತೋಳು ಗೆದ್ದಿತು. ಆದರೆ ಅದರ ಮಿತಿಯನ್ನೂ ಅವನಿಗೆ ಹೇಳಿದೆ. ಪ್ಯಾಡ್ ತಡೆಯುವುದು ಏಟನ್ನು, ಜಾರುವುದನ್ನಲ್ಲ. ವೇಗವಾಗಿ ಹೋಗುವಾಗ ಬಿದ್ದು ರಸ್ತೆಯ ಮೇಲೆ ಉಜ್ಜಿಕೊಂಡು ಹೋದರೆ ಮಾಮೂಲಿ ಪ್ಯಾಂಟ್ ಹರಿದುಹೋಗುತ್ತದೆ. ಅದಕ್ಕೆ ಬಟ್ಟೆಯೇ ಗಟ್ಟಿ ಇರಬೇಕು. ಬಟ್ಟೆಗೆ ಯುರೋಪಿನಲ್ಲಿ ಇಎನ್ 17092 ಅನ್ನುವ ಬೇರೆ ಮಾನದಂಡ ಇದೆ. ಅದರಲ್ಲಿ ಟ್ರಿಪಲ್ ಎ ಅತಿ ಹೆಚ್ಚು, ಡಬಲ್ ಎ ಮಧ್ಯಮ, ಸಿಂಗಲ್ ಎ ಅದಕ್ಕಿಂತ ಕಡಿಮೆ. ಕ್ಯಾನ್‌ಬೆರಾದ ಅದೇ ಅಧ್ಯಯನದಲ್ಲಿ ಸವಾರರು ತೊಟ್ಟಿದ್ದ ಜಾಕೆಟ್‌ಗಳಲ್ಲಿ ಸುಮಾರು ಶೇ 30ರಷ್ಟು ಬಟ್ಟೆ ಹರಿದು ವಿಫಲವಾಗಿದ್ದವು. ಬಟ್ಟೆ ಹರಿದರೆ ಒಳಗಿನ ಪ್ಯಾಡ್ ಎಲ್ಲಿ ನಿಲ್ಲುತ್ತದೆ?

ಹಾಗಾಗಿ ನಾವು ಎರಡು ಲೆಕ್ಕ ಮಾಡಿಕೊಂಡೆವು. ಊರ ಸುತ್ತ, ನಿಧಾನದ ರಸ್ತೆಯಲ್ಲಿ ದಪ್ಪ ಜೀನ್ಸ್ ಒಳಗೆ ಮಂಡಿ ತೋಳು. ಬಳ್ಳಾರಿ ಹೆದ್ದಾರಿಗೆ ಹೋಗುವ ದಿನ ಮೇಲೊಂದು ಮೆಶ್ ಜಾಕೆಟ್ ಕಡ್ಡಾಯ. ಭುಜಕ್ಕೆ, ಮೊಣಕೈಗೆ ಅದರಲ್ಲಿದ್ದ ಲೆವೆಲ್ 1 ಟೈಪ್ ಬಿ ಪ್ಯಾಡ್‌ಗಳನ್ನೇ ಉಳಿಸಿದೆವು. ಅವು ತೆಳುವಾಗಿದ್ದವು, ತೂತುಗಳಿದ್ದವು, ಅವನು ಹಾಕಿಕೊಳ್ಳಲು ಒಪ್ಪಿದ. ಬೆನ್ನಿನ ಸ್ಪಂಜು ತೆಗೆದು ಲೆವೆಲ್ 2 ಪ್ಯಾಡ್ ಹಾಕಿದೆವು. ಮಂಡಿ ಮತ್ತು ಬೆನ್ನಿಗೆ ಹೆಚ್ಚು ದುಡ್ಡು, ಉಳಿದ ಕಡೆ ಹಿತ. ಎಲ್ಲ ಕಡೆ ಅತಿ ದಪ್ಪದ್ದೇ ಹಾಕುತ್ತೀನಿ ಅಂತ ಹಟ ಹಿಡಿದಿದ್ದರೆ ಜಾಕೆಟ್ ಇಷ್ಟು ಹೊತ್ತಿಗೆ ಮಗ್ಗದ ಮನೆಯ ಗೂಟದಲ್ಲಿರುತ್ತಿತ್ತು.

ಸೆಕೆಗೆ ಒಂದು ಉಪಾಯ ನಮ್ಮೂರಿನಲ್ಲೇ ಚೆನ್ನಾಗಿ ನಡೆಯುತ್ತದೆ. ಒಳಗಿನ ಟೀ ಶರ್ಟನ್ನು ನೀರಲ್ಲಿ ಅದ್ದಿ ಹಿಂಡಿ ಹಾಕಿಕೊಂಡು ಅದರ ಮೇಲೆ ಮೆಶ್ ಜಾಕೆಟ್ ತೊಡುವುದು. ನಮ್ಮದು ಒಣ ಗಾಳಿ, ನೀರು ಬೇಗ ಆರುತ್ತಾ ಮೈ ತಂಪು ಮಾಡುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಇದು ಇಷ್ಟು ಕೆಲಸ ಮಾಡದು. ಮಡಕೆ ನೀರು ತಣ್ಣಗಾಗುವ ಲೆಕ್ಕವೇ.

ಪ್ಯಾಡ್ ಮಾತ್ರ ಬದಲಾಯಿಸುವವರಿಗೆ ಒಂದು ಮಾತು. ಒಂದು ಕಂಪನಿಯ ಪ್ಯಾಡ್ ಇನ್ನೊಂದರ ಜೇಬಿಗೆ ಕೂರುತ್ತದೆ ಅಂತ ಖಾತ್ರಿ ಇಲ್ಲ. ಹಳೇ ಪ್ಯಾಡನ್ನು ದಿನಪತ್ರಿಕೆ ಮೇಲಿಟ್ಟು ಸುತ್ತ ಗೆರೆ ಎಳೆದು ಕತ್ತರಿಸಿ. ಆ ಕಾಗದ ಹಿಡಿದುಕೊಂಡು ಅಂಗಡಿಗೆ ಹೋಗಿ, ಆನ್‌ಲೈನ್ ಆದರೆ ಅಳತೆ ತಾಳೆ ನೋಡಿ. ಜೇಬಿಗಿಂತ ಚಿಕ್ಕದಾದರೆ ಒಳಗೇ ತಿರುಗುತ್ತದೆ, ದೊಡ್ಡದಾದರೆ ಮಡಚಿಕೊಳ್ಳುತ್ತದೆ.

ಹಾಕಿಕೊಂಡ ಮೇಲೆ ಕನ್ನಡಿ ಮುಂದೆ ನಿಂತು ನೋಡಬೇಡಿ, ಬೈಕ್ ಮೇಲೆ ಕೂತು ನೋಡಿ. ನಿಂತಾಗ ಮಂಡಿ ಪ್ಯಾಡ್ ಸ್ವಲ್ಪ ಕೆಳಗಿದ್ದಂತೆ ಕಾಣಬಹುದು, ಕಾಲು ಮಡಚಿದಾಗ ಸರಿಯಾಗಿ ಮಂಡಿಯ ಮೇಲೆ ಕೂರಬೇಕು. ಆಮೇಲೆ ಇನ್ನೊಬ್ಬರಿಂದ ಪ್ಯಾಡ್ ಹಿಡಿದು ಪಕ್ಕಕ್ಕೆ ಎಳೆಸಿ. ಕೈಯಲ್ಲಿ ಎಳೆದರೇ ಸರಿದುಹೋಗುವುದು ರಸ್ತೆ ಎಳೆದಾಗ ನಿಲ್ಲುತ್ತದಾ? ಮೊಣಕೈಗೂ ಇದೇ ಪರೀಕ್ಷೆ. ತೋಳು ಸಡಿಲ ಇದ್ದರೆ ಲೆವೆಲ್ ಎಷ್ಟಿದ್ದರೂ ಪ್ರಯೋಜನ ಕಮ್ಮಿ.

ಬಟ್ಟೆ ಒಗೆಯುವಾಗ ಪ್ಯಾಡ್ ತೆಗೆದಿಡಿ. ಜೋರಾದ ಏಟು ಬಿದ್ದ ಪ್ಯಾಡನ್ನು ತೆಗೆದು ನೋಡಿ, ಬಿರುಕು ಬಿಟ್ಟಿದ್ದರೆ, ಕುಗ್ಗಿದ ಜಾಗ ಮೇಲೆ ಬರದಿದ್ದರೆ ಬದಲಾಯಿಸಿ. ಏಟು ಬೀಳದಿದ್ದರೂ ವರ್ಷ ಕಳೆದ ಹಾಗೆ ವಸ್ತು ಹಳತಾಗುತ್ತದೆ. ಎಷ್ಟು ವರ್ಷ ಅನ್ನುವುದನ್ನು ಜೊತೆಗೆ ಬರುವ ಕಾಗದದಲ್ಲಿ ಬರೆದಿರುತ್ತಾರೆ, ಅದನ್ನು ಬಿಸಾಕಬೇಡಿ. ಕೊಂಡ ತಿಂಗಳನ್ನು ಪ್ಯಾಡ್ ಮೇಲೆ ಮಾರ್ಕರ್‌ನಲ್ಲಿ ಬರೆದಿಟ್ಟರೆ ಇನ್ನೂ ಒಳ್ಳೇದು.

ಚಿಕ್ಕಪ್ಪ ಈಗ ಮತ್ತೆ ಮಗ್ಗಕ್ಕೆ ಕೂರುತ್ತಾರೆ. ಮೊದಲಿನಷ್ಟು ಹೊತ್ತು ಆಗುವುದಿಲ್ಲ, ನಡುನಡುವೆ ಎದ್ದು ಕಾಲು ಚಾಚಬೇಕು. ಬೈಕ್ ಕೂಡ ಶುರುಮಾಡಿದ್ದಾರೆ. ಅವರಿಗೆ ರೈಡಿಂಗ್ ಪ್ಯಾಂಟ್ ತೊಡಿಸುವ ಆಸೆ ನನಗಿರಲಿಲ್ಲ, ಅವರು ಪಂಚೆ ಬಿಟ್ಟು ಬೇರೆ ಉಟ್ಟವರೇ ಅಲ್ಲ. ಆದರೆ ತಮ್ಮನ ಮಂಡಿ ತೋಳನ್ನು ಎರಡು ದಿನ ಸುಮ್ಮನೆ ನೋಡುತ್ತಿದ್ದವರು ಮೂರನೇ ದಿನ ತಾವೇ ಕೇಳಿದರು, "ಇದು ಪಂಚೆ ಒಳಗೆ ಕೂರ್ತತಾ?"

ಕೂರುತ್ತದೆ. ಜಾರಿದರೆ ಪಂಚೆ ಏನೂ ಮಾಡಲಾರದು ಅಂತಲೂ ಹೇಳಿದೆ. "ನಾನೇನು ಬಳ್ಳಾರಿಗೆ ಹೊಂಟಿಲ್ಲ ಕಣಮ್ಮ, ಇಲ್ಲೇ ಊರಾಗೆ" ಅಂದರು. ಅವರ ಆಪರೇಷನ್ ಆದ ಕಾಲಿಗೆ ಒಂದು ಸೈಜ್ ದೊಡ್ಡದು ಬೇಕಾಯಿತು, ಇನ್ನೊಂದಕ್ಕೆ ಮಾಮೂಲಿ. ಹಾಗಾಗಿ ಎರಡು ಜೊತೆ ತರಿಸಿದೆವು. ಉಳಿದ ಎರಡು ಬಿಡಿ ತೋಳುಗಳು ಸುಮ್ಮನೆ ಬಿದ್ದಿಲ್ಲ. ಒಂದೊಂದು ಒಂದೊಂದು ಸೈಜ್ ಆದರೂ ಪಕ್ಕದ ಮನೆಯ ಹುಡುಗ ಅವನ್ನೇ ಹಾಕಿಕೊಂಡು ರಾಯದುರ್ಗಕ್ಕೆ ಹೋಗಿ ಬರುತ್ತಿದ್ದಾನೆ. ಸಡಿಲ ಇರುವ ಕಾಲಿನದು ಜಾರುತ್ತದಂತೆ. ಅವನ ಅಳತೆ ಕಳಿಸು ಅಂತ ತಮ್ಮನಿಗೆ ಹೇಳಿದ್ದೇನೆ.